ಕಣ್ಣಿಗೆ ಕೊನೆಯ ಸರದಿ: ಇಂದ್ರಿಯಗಳಿಂದ ಬರೆಯುವುದನ್ನು ಮಕ್ಕಳಿಗೆ ಕಲಿಸುವುದು ಹೇಗೆ?

‘ಮಳೆಗಾಲದ ಒಂದು ದಿನ’ ಎಂದು ಬೋರ್ಡಿನ ಮೇಲೆ ಬರೆದು ಮಕ್ಕಳಿಗೆ ಇಪ್ಪತ್ತು ನಿಮಿಷ ಕೊಟ್ಟು ನೋಡಿ. ಬೆಂಗಳೂರಿನ ಯಾವ ಶಾಲೆಯಾದರೂ ಸರಿ, ಬಹಳಷ್ಟು ಹಾಳೆಗಳಲ್ಲಿ ಇವೇ ಸಾಲುಗಳು ಇರುತ್ತವೆ: ‘ಆಕಾಶದಲ್ಲಿ ಕಾರ್ಮೋಡ ಕವಿದಿತ್ತು. ತಂಪಾದ ಗಾಳಿ ಬೀಸುತ್ತಿತ್ತು. ಭೂತಾಯಿ ಹಸಿರು ಸೀರೆ ಉಟ್ಟಂತೆ ಕಾಣುತ್ತಿದ್ದಳು.’

ಇದನ್ನು ಬರೆದ ಮಗು ಅದೇ ದಿನ ಬೆಳಗ್ಗೆ ಒದ್ದೆ ಸಾಕ್ಸಿನಲ್ಲೇ ಶಾಲೆಗೆ ಬಂದಿರುತ್ತದೆ. ಆಟೊದ ಪ್ಲಾಸ್ಟಿಕ್ ಪರದೆ ಗಾಳಿಗೆ ಪಟಪಟ ಬಡಿದು ಅದರ ಕೆನ್ನೆಗೆ ನೀರು ಎರಚಿರುತ್ತದೆ. ನೆನೆದ ನೋಟ್‌ಬುಕ್ಕಿನ ಮುಗ್ಗಲು ವಾಸನೆ ಚೀಲದೊಳಗೆ ಇನ್ನೂ ಇರುತ್ತದೆ. ಇದ್ಯಾವುದೂ ಹಾಳೆಗೆ ಇಳಿಯುವುದಿಲ್ಲ. ಮಗುವಿಗೆ ಕಲ್ಪನೆ ಕಡಿಮೆ ಅಂತ ತಿಳಿಯಬೇಡಿ. ಬರೆಯುವುದು ಎಂದರೆ ಪ್ರಬಂಧದ ಪುಸ್ತಕದ ಮಾತು, ತನ್ನ ಒದ್ದೆ ಸಾಕ್ಸಿಗೆ ಅಲ್ಲಿ ಜಾಗ ಇಲ್ಲ ಎಂದು ಅದು ನಂಬಿದೆ. ಆ ನಂಬಿಕೆ ದೊಡ್ಡವರಿಂದಲೇ ಬಂದದ್ದು.

ಪ್ರೌಢಶಾಲೆಯ ಮಕ್ಕಳಿಗೆ ಕನ್ನಡ ಕಲಿಸುವ ನನಗೆ ಒಂದು ವಿಷಯ ಖಚಿತವಾಗಿದೆ. ‘ಇನ್ನೂ ಸ್ವಲ್ಪ ವರ್ಣನೆ ಸೇರಿಸು’ ಎಂದರೆ ಬರವಣಿಗೆ ಸುಧಾರಿಸುವುದಿಲ್ಲ, ವಿಶೇಷಣಗಳು ಜಾಸ್ತಿಯಾಗುತ್ತವೆ ಅಷ್ಟೆ. ಮೊದಲು ಕಿವಿ, ಮೂಗು, ನಾಲಿಗೆ, ಚರ್ಮಕ್ಕೆ ಕೆಲಸ ಕೊಡಬೇಕು. ಕಣ್ಣಿನ ಸರದಿ ಕೊನೆಗೆ ಬರಲಿ. ಅದು ಹೇಗಿದ್ದರೂ ಕರೆಯದೆಯೇ ಬರುತ್ತದೆ. ಸಿದ್ಧ ಸಾಲುಗಳೆಲ್ಲ ಅದರ ಜತೆಯಲ್ಲೇ ಬರುತ್ತವೆ.

ಕೆಳಗಿನ ಹೆಜ್ಜೆಗಳು ಏಳರಿಂದ ಹತ್ತನೇ ತರಗತಿಯವರಿಗೆ. ಎಲ್ಲವನ್ನೂ ಒಂದೇ ದಿನ ಮಾಡಿಸಬೇಡಿ. ವಾರಕ್ಕೆ ಒಂದು ಪೀರಿಯಡ್ ಸಿಕ್ಕರೆ ಸಾಕು. ಮನೆಯಲ್ಲಿ ಅಪ್ಪ, ಅಮ್ಮ, ಅಜ್ಜಿ ಕೂಡ ಮಾಡಿಸಬಹುದು.

ಹೆಜ್ಜೆ 1: ಕೆಲವು ಪದಗಳಿಗೆ ರಜೆ

ಸುಂದರ, ಮನೋಹರ, ರಮಣೀಯ, ಅದ್ಭುತ, ‘ಮನಸ್ಸಿಗೆ ಮುದ ನೀಡಿತು’, ‘ಕಣ್ಣಿಗೆ ಹಬ್ಬವಾಗಿತ್ತು’. ಇವನ್ನು ಮಕ್ಕಳ ಹಳೇ ಪ್ರಬಂಧಗಳಿಂದ ಮಕ್ಕಳೇ ಹೆಕ್ಕಲಿ. ಬೋರ್ಡಿನ ಮೂಲೆಯಲ್ಲಿ ಬರೆದು ಒಂದು ತಿಂಗಳು ರಜೆ ಕೊಡಿ. ಪದಗಳು ಕೆಟ್ಟವಲ್ಲ ಎಂದೂ ಹೇಳಿ. ಆದರೆ ‘ಸುಂದರ’ ಎನ್ನುವುದು ಬರೆದವರ ತೀರ್ಪು. ಏನನ್ನು ಕಂಡು, ಏನನ್ನು ಮುಟ್ಟಿ ಹಾಗನ್ನಿಸಿತು ಎಂಬುದು ಓದುವವರಿಗೆ ಸಿಗುವುದೇ ಇಲ್ಲ.

ಹೆಜ್ಜೆ 2: ಕಿವಿಯ ನಕ್ಷೆ

ಪ್ರತಿ ಮಗುವಿಗೂ ಒಂದು ಖಾಲಿ ಹಾಳೆ ಕೊಡಿ. ನಡುವೆ ಒಂದು ಚುಕ್ಕಿ ಇಡಲಿ. ಆ ಚುಕ್ಕಿಯೇ ಮಗು. ಐದು ನಿಮಿಷ ಎಲ್ಲರೂ ಸುಮ್ನೆ ಕೂರಬೇಕು, ಕಣ್ಣು ಮುಚ್ಚಬೇಕು. ಒಂದು ಶಬ್ದ ಕೇಳಿದಾಗ ಮಾತ್ರ ಕಣ್ಣು ತೆರೆದು, ಅದು ಯಾವ ಕಡೆಯಿಂದ, ಎಷ್ಟು ದೂರದಿಂದ ಬಂತು ಎಂದು ಹಾಳೆಯ ಮೇಲೆ ಗುರುತು ಹಾಕಿ ಮತ್ತೆ ಮುಚ್ಚಬೇಕು.

ಮೊದಲ ಸಲ ‘ಬಸ್ಸು, ಕಾಗೆ, ಫ್ಯಾನು’ ಎಂಬ ಪಟ್ಟಿ ಬರುತ್ತದೆ. ಪರವಾಗಿಲ್ಲ. ಎರಡನೇ ಸುತ್ತಿನಲ್ಲಿ ‘ಅದು ಹೇಗೆ ಕೇಳಿತು?’ ಎಂದು ಕೇಳಿ. ಪಕ್ಕದ ಮನೆಯ ಕುಕ್ಕರಿನ ವಿಷಲ್ಲು, ಹಳೇ ಪೇಪರ್ ಕೊಳ್ಳುವವರ ಗಾಡಿಯಲ್ಲಿ ರೆಕಾರ್ಡ್ ಮಾಡಿಟ್ಟ ಕೂಗು, ಹೊಸ ಕಟ್ಟಡದಲ್ಲಿ ಟೈಲ್ಸ್ ಕತ್ತರಿಸುವ ಯಂತ್ರ, ನಿಲ್ದಾಣದಲ್ಲಿ ಬಸ್ಸಿನ ಬಾಗಿಲು ‘ಟುಸ್’ ಎಂದು ತೆರೆಯುವುದು. ಈ ಊರಿನ ಯಾವ ಬಡಾವಣೆಯಲ್ಲೂ ಕಿವಿಗೆ ಬರಗಾಲ ಇಲ್ಲ.

ವ್ಯಾಕರಣದ ಪಾಠದಲ್ಲಿ ಅನುಕರಣಾವ್ಯಯ ಎಂದು ಮಾಡುತ್ತೇವಲ್ಲ, ಅದಕ್ಕೆ ಜೀವ ಬರುವುದು ಇಲ್ಲಿ. ಜುಳುಜುಳು, ಚಟಚಟ, ದಬದಬ ಎಂದು ಪರೀಕ್ಷೆಗೆ ಬಾಯಿಪಾಠ ಮಾಡುತ್ತಾರೆ. ಜುಳುಜುಳು ಹರಿಯುವ ನೀರನ್ನು ಎಷ್ಟೋ ಮಕ್ಕಳು ಕೇಳಿಯೇ ಇಲ್ಲ. ಕೇಳಿದ ಶಬ್ದಕ್ಕೆ ತಮ್ಮದೇ ಪದ ಕಟ್ಟಲಿ. ತೊಟ್ಟಿ ತುಂಬಿ ತಾರಸಿಯಿಂದ ನೀರು ಸುರಿಯುವುದಕ್ಕೆ ಒಬ್ಬಳು ‘ದೊಳದೊಳ’ ಎಂದು ಬರೆದರೆ ತಿದ್ದಬೇಡಿ. ನಿಘಂಟಿನಲ್ಲಿ ಇದೆಯೋ ಇಲ್ಲವೋ ಆಮೇಲೆ ನೋಡೋಣ.

ಹೆಜ್ಜೆ 3: ಡಬ್ಬಿಯೊಳಗಿನ ವಾಸನೆ

ಇದಕ್ಕೆ ಸಾಕಷ್ಟು ಸಮಯ ಇಟ್ಟುಕೊಳ್ಳಿ. ನನ್ನ ಅನುಭವದಲ್ಲಿ ಮಕ್ಕಳ ಬರವಣಿಗೆ ತಿರುಗುವುದು ಇಲ್ಲೇ.

ಸಣ್ಣ ಸ್ಟೀಲ್ ಡಬ್ಬಿಗಳು, ಬಾಯಿಗೆ ತೆಳುವಾದ ಬಟ್ಟೆ, ರಬ್ಬರ್ ಬ್ಯಾಂಡು. ಒಳಗೆ ಇಂಗು, ಕಾಫಿ ಪುಡಿ, ಲಾವಂಚದ ಬೇರು, ದವನ, ಕರ್ಪೂರ, ಒದ್ದೆ ಮಣ್ಣು, ಹಳೇ ಪುಸ್ತಕದ ಹರಿದ ಹಾಳೆ. ಗಾಂಧಿ ಬಜಾರಿನಲ್ಲೋ ಮಲ್ಲೇಶ್ವರದಲ್ಲೋ ಒಂದು ಸುತ್ತು ಹಾಕಿದರೆ ಎಲ್ಲ ಸಿಗುತ್ತದೆ. ಮೆಣಸಿನ ಪುಡಿ, ಖಾರದ ಪುಡಿ ಬೇಡ. ಯಾರಿಗಾದರೂ ಅಲರ್ಜಿ, ಉಬ್ಬಸ ಇದೆಯೇ ಎಂದು ಮೊದಲೇ ವಿಚಾರಿಸಿ. ಒಂದು ಪೀರಿಯಡ್ಡಿಗೆ ನಾಲ್ಕೈದು ಡಬ್ಬಿಗಿಂತ ಜಾಸ್ತಿ ಬೇಡ. ಮೂಗು ಬೇಗ ಒಗ್ಗಿಕೊಂಡುಬಿಡುತ್ತದೆ, ಆಮೇಲೆ ಎಲ್ಲವೂ ಒಂದೇ ಅನ್ನಿಸುತ್ತದೆ.

‘ಇದೇನು ಹೇಳಿ?’ ಎಂದು ಮಾತ್ರ ಕೇಳಬೇಡಿ. ಕೇಳಿದರೆ ಅದು ಕ್ವಿಜ್ ಆಗುತ್ತದೆ. ‘ಇಂಗು!’ ಎಂದು ಒಬ್ಬ ಕೂಗುತ್ತಾನೆ, ಕತೆ ಮುಗಿಯಿತು. ಹೀಗೆ ಕೇಳಿ: ‘ಈ ವಾಸನೆ ಇರುವುದು ಯಾರ ಮನೆಯಲ್ಲಿ? ಆಗ ಗಂಟೆ ಎಷ್ಟು? ಪಕ್ಕದ ಕೋಣೆಯಲ್ಲಿ ಯಾರಿದ್ದಾರೆ?’ ಉತ್ತರವನ್ನು ಮಾತಿನಲ್ಲಿ ಹೇಳಿಸದೆ ನೇರ ಬರೆಸಿ. ಕರ್ಪೂರ ಮೂಸಿದ ಮಗು ದೇವರ ಕೋಣೆಯನ್ನೇ ಬರೆಯಬೇಕೆಂದಿಲ್ಲ. ನೆಗಡಿ ಬಂದಾಗ ಅಜ್ಜಿ ಎದೆಗೆ ತಿಕ್ಕಿದ ಎಣ್ಣೆ ನೆನಪಾಗಬಹುದು.

ಹೀಗೆ ನೆನಪು ಧುಮ್ಮಿಕ್ಕುವುದಕ್ಕೆ ಕಾರಣ ಇದೆ. ಕಂಡದ್ದು, ಕೇಳಿದ್ದು ಮೆದುಳಿನ ಥಾಲಮಸ್ ಎಂಬ ಭಾಗವನ್ನು ಹಾದು ಮುಂದೆ ಹೋಗುತ್ತದೆ. ವಾಸನೆಗೆ ಆ ಸುತ್ತು ಬೇಕಿಲ್ಲ. ಭಾವನೆ ಮತ್ತು ನೆನಪನ್ನು ನೋಡಿಕೊಳ್ಳುವ ಭಾಗಗಳ ಜತೆ ಅದಕ್ಕೆ ಹತ್ತಿರದ ನಂಟು. ಒದ್ದೆ ಮಣ್ಣಿನ ಡಬ್ಬಿ ಕೊಟ್ಟಾಗ ಇನ್ನೊಂದು ವಿಷಯ ಹೇಳಿ, ಮಕ್ಕಳು ಕಿವಿ ನಿಮಿರಿಸಿ ಕೇಳುತ್ತಾರೆ. ಮೊದಲ ಮಳೆಯ ಆ ವಾಸನೆಗೆ 1964ರಲ್ಲಿ ಆಸ್ಟ್ರೇಲಿಯದ ವಿಜ್ಞಾನಿಗಳಾದ ಇಸಬೆಲ್ ಬೇರ್ ಮತ್ತು ರಿಚರ್ಡ್ ಥಾಮಸ್ ‘ಪೆಟ್ರಿಕೋರ್’ ಎಂದು ಹೆಸರಿಟ್ಟರು. ಅದರಲ್ಲಿ ಮುಖ್ಯವಾದ ಜಿಯೋಸ್ಮಿನ್ ಎಂಬ ವಸ್ತುವನ್ನು ಮಣ್ಣಿನ ಬ್ಯಾಕ್ಟೀರಿಯಾಗಳು ತಯಾರಿಸುತ್ತವೆ. ಅದು ಎಷ್ಟೇ ಕಡಿಮೆ ಇದ್ದರೂ ನಮ್ಮ ಮೂಗು ಹಿಡಿದುಬಿಡುತ್ತದೆ.

ವಾಸನೆಯ ಪದಗಳಿಗೆ ಕನ್ನಡದಲ್ಲಿ ಕೊರತೆ ಇಲ್ಲ. ಒಗ್ಗರಣೆಯ ಘಾಟು, ಹಳೇ ಎಣ್ಣೆಯ ಕಮಟು, ಮಳೆಗಾಲದ ಬೀರುವಿನ ಮುಗ್ಗಲು, ಅವರೆಕಾಯಿಯ ಸೊಗಡು, ಬೇಯದ ಹಿಟ್ಟಿನ ಹಸಿ ವಾಸನೆ. ಕ್ಲಾಸಿನ ಗೋಡೆಗೆ ಒಂದು ಚಾರ್ಟ್ ಅಂಟಿಸಿ, ವಾರವಾರ ಮಕ್ಕಳೇ ಸೇರಿಸಲಿ. ಬೆಂಗಳೂರಿನ ಒಂದೇ ಬೆಂಚಿನಲ್ಲಿ ತೆಲುಗು, ತಮಿಳು, ಉರ್ದು, ತುಳು ಮನೆಮಾತಿನ ಮಕ್ಕಳು ಕೂತಿರುತ್ತಾರೆ. ಕನ್ನಡದ ಪದ ಹೊಳೆಯದಿದ್ದರೆ ಮನೆಯ ಪದವನ್ನೇ ಬರೆಯಲಿ. ಪಕ್ಕದವರು ಕನ್ನಡದ್ದನ್ನು ಹುಡುಕಿಕೊಡುತ್ತಾರೆ.

ಈ ಪಾಠದಲ್ಲಿ ಒಂದು ಕಟ್ಟುನಿಟ್ಟು ಬೇಕು. ರಾಜಕಾಲುವೆ ಪಕ್ಕದ ಮನೆಯ ಮಗು ತನ್ನ ಬೀದಿಯ ನಾತದ ಬಗ್ಗೆ ಬರೆಯಬಹುದು. ಮೀನು ಮಾರುವವರ ಮಗಳು ಅಮ್ಮನ ಸೀರೆಯ ವಾಸನೆ ಬರೆಯಬಹುದು. ಯಾರಾದರೂ ಮೂಗು ಮುಚ್ಚಿಕೊಂಡು ನಕ್ಕರೆ ಅಲ್ಲೇ ನಿಲ್ಲಿಸಿ. ಒಮ್ಮೆ ಅವಮಾನವಾದರೆ ಆ ಮಗು ಮತ್ತೆ ‘ತಂಪಾದ ಗಾಳಿ’ಗೇ ಮರಳುತ್ತದೆ. ಜೋರಾಗಿ ಓದಿಸುವ ಮುಂಚೆ ಮಗುವಿನ ಒಪ್ಪಿಗೆ ಕೇಳಿ.

ಹೆಜ್ಜೆ 4: ಒಂದು ನೆಲ್ಲಿಕಾಯಿ

ಎಲ್ಲರಿಗೂ ಒಂದೊಂದು ನೆಲ್ಲಿಕಾಯಿ, ಪಕ್ಕದಲ್ಲಿ ಒಂದು ಲೋಟ ನೀರು. ಕಚ್ಚಿದಾಗ ಏನಾಯಿತು, ಅಗಿಯುವಾಗ ಏನಾಯಿತು, ನುಂಗಿದ ಮೇಲೆ, ನೀರು ಕುಡಿದ ಮೇಲೆ? ಮೊದಲು ಹುಳಿ, ಆಮೇಲೆ ಹಲ್ಲು ಜುಮ್ಮೆನ್ನುವ ಒಗರು, ಕೊನೆಗೆ ಬರೀ ನೀರೇ ಸಿಹಿ. ರುಚಿ ಒಂದೇ ಪದದಲ್ಲಿ ಮುಗಿಯುವುದಿಲ್ಲ, ಅದು ಹಂತ ಹಂತವಾಗಿ ಬದಲಾಗುತ್ತದೆ ಎಂಬುದು ಇಲ್ಲಿ ಬಾಯಿಗೇ ಗೊತ್ತಾಗುತ್ತದೆ. ಬರೆಯುವಾಗಲೂ ಅದೇ ಕ್ರಮ ಇರಲಿ.

ಖಾರದ ಬಗ್ಗೆಯೂ ಹೇಳಿ. ವಿಜ್ಞಾನದ ಲೆಕ್ಕದಲ್ಲಿ ಖಾರ ರುಚಿಯೇ ಅಲ್ಲ. ಮೆಣಸಿನಕಾಯಿಯ ಕ್ಯಾಪ್ಸೈಸಿನ್ ಬಿಸಿ ಮತ್ತು ನೋವು ತಿಳಿಸುವ ನರಗಳನ್ನು ಕೆಣಕುತ್ತದೆ. ಹಾಗಾಗಿ ‘ಚಟ್ನಿ ತುಂಬಾ ಖಾರವಾಗಿತ್ತು’ ಎಂದು ಬರೆಯುವ ಬದಲು ಕಿವಿ ಬಿಸಿಯಾದದ್ದನ್ನೂ ಮೂಗು ಸೋರಿದ್ದನ್ನೂ ಬರೆಯಲಿ.

ಹೆಜ್ಜೆ 5: ಅಂಗೈ, ಅಂಗಾಲು

ಸಾಧ್ಯವಾದರೆ ಲಾಲ್‌ಬಾಗಿಗೆ ಕರೆದುಕೊಂಡು ಹೋಗಿ. ಕೆಂಪೇಗೌಡ ಗೋಪುರ ಇರುವ ಬಂಡೆಗೆ ಸುಮಾರು 300 ಕೋಟಿ ವರ್ಷ ವಯಸ್ಸು. ಅದನ್ನು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ ಎಂದು ಘೋಷಿಸಲಾಗಿದೆ. ಮಕ್ಕಳು ಅದರ ಮೇಲೆ ಓಡಿ ಸೆಲ್ಫಿ ತೆಗೆದುಕೊಂಡು ಇಳಿಯುತ್ತಾರೆ. ಓಡುವ ಮುಂಚೆ ಎರಡು ನಿಮಿಷ ಅಂಗೈ ಊರಿ ಕೂರಿಸಿ. ತರಿತರಿ ಇದೆಯೇ, ನುಣುಪೇ? ಬಿಸಿಲಿಗೆ ಕಾದ ಕಡೆ ಹೇಗಿದೆ, ನೆರಳಿನ ಕಡೆ ಹೇಗಿದೆ? ಕೈ ಎತ್ತಿದ ಮೇಲೆ ಅಂಗೈಯಲ್ಲಿ ಏನು ಉಳಿಯಿತು?

ಮುಟ್ಟುವುದು ಎಂದರೆ ಬೆರಳು ಮಾತ್ರ ಅಲ್ಲ. ಬಸ್ಸು ಬ್ರೇಕ್ ಹಾಕಿದಾಗ ಮೈ ಮುಂದಕ್ಕೆ ವಾಲುವುದು, ಚೀಲದ ಪಟ್ಟಿ ಹೆಗಲನ್ನು ಕೊರೆಯುವುದು, ಹನ್ನೆರಡೂವರೆಗೆ ಹೊಟ್ಟೆ ಗುರ್ ಎನ್ನುವುದು, ಹೆಸರು ಕರೆದಾಗ ಎದೆ ಹೊಡೆದುಕೊಳ್ಳುವುದು ಎಲ್ಲವೂ ಮೈಯ ಸುದ್ದಿಗಳೇ. ಪಂಚೇಂದ್ರಿಯ ಎಂದು ಐದಕ್ಕೇ ನಿಲ್ಲಬೇಕಾಗಿಲ್ಲ. ಕಣ್ಣು ಕಾಣದ ಅಥವಾ ಕಿವಿ ಕೇಳದ ಮಗು ತರಗತಿಯಲ್ಲಿದ್ದರೆ ಈ ಹೆಜ್ಜೆಯಿಂದಲೇ ಶುರು ಮಾಡಿ. ಉಳಿದವರು ಅದರಿಂದ ಕಲಿಯುವುದು ಬೇಕಾದಷ್ಟಿರುತ್ತದೆ.

ಹೆಜ್ಜೆ 6: ಈಗ ಕಣ್ಣು

ಇಲ್ಲಿ ಒಂದೇ ನಿಯಮ: ‘ಬಣ್ಣ ಬಣ್ಣದ’ ಎನ್ನುವಂತಿಲ್ಲ. ಯಾವ ಬಣ್ಣ, ಯಾವುದರ ಮೇಲೆ, ಯಾವ ಬೆಳಕಿನಲ್ಲಿ? ಇಷ್ಟು ದಿನ ಕಾದ ಕಣ್ಣು ಚಿಕ್ಕದನ್ನು ಹುಡುಕತೊಡಗುತ್ತದೆ.

ಹೆಜ್ಜೆ 7: ಇದು ಯಾರ ಮೂಗು?

ಇಲ್ಲಿಯವರೆಗಿನದು ಅಭ್ಯಾಸ. ಕತೆ ಶುರುವಾಗುವುದು ಈಗ. ಮೆಜೆಸ್ಟಿಕ್ ಬಸ್ ನಿಲ್ದಾಣವನ್ನು ತೆಗೆದುಕೊಳ್ಳಿ. ಪಿಯುಸಿ ಪಾಸಾಗಿ ಊರಿಗೆ ಹೊರಟ ಹುಡುಗ ಒಬ್ಬ. ಆಸ್ಪತ್ರೆಯಿಂದ ಫೋನ್ ಬಂದು ಊರಿಗೆ ಹೊರಟ ಮಹಿಳೆ ಒಬ್ಬರು. ಇಬ್ಬರದೂ ಒಂದೇ ಬಸ್ಸು. ಖುಷಿ, ದುಃಖ, ಭಯ ಎಂಬ ಪದಗಳನ್ನು ಬಳಸುವಂತಿಲ್ಲ. ಪರೀಕ್ಷೆ, ಆಸ್ಪತ್ರೆಯ ಸುದ್ದಿಯನ್ನೂ ಎತ್ತುವಂತಿಲ್ಲ. ಮಾದರಿಗೆ ನಾನು ಬರೆದದ್ದು ಇಲ್ಲಿದೆ.

ಹುಡುಗ: ‘ಸೌತೆಕಾಯಿ ಕಚ್ಚಿದ ಕೂಡಲೇ ನೀರು ಗದ್ದಕ್ಕೆ ಇಳಿಯಿತು. ಉಪ್ಪು ಖಾರ ತುಟಿಯಲ್ಲೇ ಉಳಿಯಿತು. ತುಮಕೂರು, ತಿಪಟೂರು, ಅರಸೀಕೆರೆ! ಕಂಡಕ್ಟರು ಒಂದೇ ಉಸಿರಿಗೆ ಕೂಗುತ್ತಿದ್ದರು. ತಿಪಟೂರು ಬಂದಾಗ ನಾನೂ ಜೋರಾಗಿ ಕೂಗಿದೆ.’

ಮಹಿಳೆ: ‘ಕಿಟಕಿಯ ಕಂಬಿ ತಣ್ಣಗಿತ್ತು. ಎಂಜಿನ್ನಿನ ನಡುಕ ಪಾದದಿಂದ ಮಂಡಿಗೆ ಏರುತ್ತಿತ್ತು, ಬಸ್ಸು ಮಾತ್ರ ಹೊರಟಿರಲಿಲ್ಲ. ಯಾರೋ ಕಿತ್ತಳೆ ಸುಲಿದರು. ಆ ವಾಸನೆಗೆ ಹೊಟ್ಟೆ ತೊಳಸಿತು. ತುಮಕೂರು, ತಿಪಟೂರು, ಅರಸೀಕೆರೆ. ಅದನ್ನೇ ಇನ್ನೂ ಎಷ್ಟು ಸಲ ಕೂಗುತ್ತಾರೆ?’

ಕೂಗು ಒಂದೇ, ಕೇಳಿಸಿಕೊಂಡ ರೀತಿ ಬೇರೆ. ಇದನ್ನು ಮಕ್ಕಳೇ ಗುರುತಿಸಲಿ, ನೀವು ವಿವರಿಸಬೇಡಿ. ಸಾಹಿತ್ಯದಲ್ಲಿ ಇಂದ್ರಿಯಗಳ ಕೆಲಸವೇ ಇದು ಎಂದು ನಾನು ನಂಬಿದ್ದೇನೆ. ಯಾರಿಗೆ ಅನ್ನಿಸಿತು ಎಂಬುದು ಗೊತ್ತಿಲ್ಲದಿದ್ದರೆ ವಾಸನೆ, ಶಬ್ದ ಎಲ್ಲ ಬರೀ ಅಲಂಕಾರ ಆಗಿಬಿಡುತ್ತವೆ, ಅಲ್ವಾ?

ಹೆಜ್ಜೆ 8: ಕತ್ತರಿ ಹಾಕುವುದು

ಇಷ್ಟಾದ ಮೇಲೆ ಒಂದು ಹೊಸ ತೊಂದರೆ ಬರುತ್ತದೆ. ಪ್ರತಿ ಪ್ಯಾರಾದಲ್ಲೂ ಐದೂ ಇಂದ್ರಿಯ ತುರುಕುತ್ತಾರೆ. ಓದುವವರಿಗೆ ಉಸಿರು ಕಟ್ಟುತ್ತದೆ. ಒಂದು ಪ್ಯಾರಾಕ್ಕೆ ಎರಡು ವಿವರ ಉಳಿಸಿ, ಉಳಿದದ್ದಕ್ಕೆ ಗೀಟು ಹಾಕಲು ಹೇಳಿ. ಯಾವುದು ಉಳಿಯಬೇಕು? ಬೇರೆ ಯಾರೂ ಬರೆಯಲಾಗದಂಥದ್ದು. ‘ನನಗೆ ಕೇಳಿಸಿತು’, ‘ನನಗೆ ವಾಸನೆ ಬಂತು’ ಎಂಬವನ್ನೂ ತೆಗೆಸಿ. ‘ಕುಕ್ಕರ್ ಕೂಗಿದ ಶಬ್ದ ನನಗೆ ಕೇಳಿಸಿತು’ ಯಾಕೆ? ‘ಕುಕ್ಕರ್ ಕೂಗಿತು’ ಸಾಕು.

ತಿದ್ದುವಾಗ ಕೆಂಪು ಶಾಯಿಯಿಂದ ಹಾಳೆ ತುಂಬಿಸಬೇಡಿ. ಮೈಗೆ ತಟ್ಟಿದ ಒಂದು ಸಾಲಿನ ಕೆಳಗೆ ಗೆರೆ ಎಳೆದು, ‘ಇಲ್ಲಿ ನಾನು ನಿನ್ನ ಜತೆ ಇದ್ದೆ’ ಎಂದು ಬರೆಯಿರಿ. ಕಾಗುಣಿತ ಇನ್ನೊಂದು ದಿನ. ಪರೀಕ್ಷೆಯ ಪ್ರಬಂಧಕ್ಕೆ ಪೀಠಿಕೆ, ವಿಷಯ, ಉಪಸಂಹಾರ ಬೇಕೇ ಬೇಕು, ಅದನ್ನು ಬಿಡಲಾಗದು. ಆದರೆ ಪೀಠಿಕೆಯಲ್ಲಿ ಇಂಥ ಎರಡು ಸಾಲು ಇದ್ದರೆ ಅಂಕಕ್ಕೆ ತೊಂದರೆ ಇಲ್ಲ.

ವರ್ಷವಿಡೀ ಮಾಡಿಸಬಹುದಾದದ್ದು

ಇದಕ್ಕೆ ಖರ್ಚಿಲ್ಲ, ಊರೇ ಒದಗಿಸುತ್ತದೆ. ಜನವರಿಯಲ್ಲಿ ಅವರೆಕಾಯಿ ಸುಲಿಯುವಾಗ ಬೆರಳಿಗೆ ಅಂಟುವ ಸೊಗಡು. ಬೇಸಿಗೆಯಲ್ಲಿ ಫುಟ್‌ಪಾತಿನ ತುಂಬ ಉದುರುವ ಹೊಂಗೆ ಹೂವು. ಮಳೆ ಮುಗಿದ ಮೇಲೆ ರಾತ್ರಿ ಹೊತ್ತು ಬೀದಿಗಿಳಿಯುವ ಆಕಾಶಮಲ್ಲಿಗೆಯ ಕಂಪು. ಕೆ.ಆರ್. ಮಾರುಕಟ್ಟೆಯ ಹೂವಿನ ವ್ಯಾಪಾರ ನಸುಕಿನಲ್ಲೇ ಶುರುವಾಗುವುದರಿಂದ ಅದನ್ನು ಮನೆಯವರ ಜತೆ ಹೋಗುವ ಮಕ್ಕಳಿಗೆ ಬಿಡಿ. ಒಳಗೆ ಕಾಲಿಟ್ಟ ಕೂಡಲೇ ವಾಸನೆಯ ಬಗ್ಗೆ ಒಂದು ಸಾಲು ಗೀಚಿಕೊಳ್ಳಲು ಹೇಳಿ. ಸ್ವಲ್ಪ ಹೊತ್ತಾದರೆ ಮೂಗಿಗೆ ಅದು ಗೊತ್ತಾಗುವುದಿಲ್ಲ.

ಕಾರ್ತಿಕದ ಕೊನೆಯ ಸೋಮವಾರಕ್ಕೆ ಬಸವನಗುಡಿಯಲ್ಲಿ ಕಡಲೆಕಾಯಿ ಪರಿಷೆ ಇರುತ್ತದೆ. ಹೋಗುವ ಮಕ್ಕಳಿಗೆ ಕೆಲಸ ಇದು: ಹತ್ತು ಸಾಲು ಬರೆಯಬೇಕು, ಅದರಲ್ಲಿ ಕಡಲೆಕಾಯಿ ಎಂಬ ಪದ ಎಲ್ಲೂ ಬರಬಾರದು. ಓದಿದವರಿಗೆ ಮಾತ್ರ ಅದು ಪರಿಷೆ ಎಂದು ಮೂರನೇ ಸಾಲಿನೊಳಗೆ ಗೊತ್ತಾಗಬೇಕು.