ಚಿನ್ನದ ತಕ್ಕಡಿಯಲ್ಲಿ ಲಾಲಾರಸ: ಶೋಗ್ರೆನ್ ಅಧ್ಯಯನದ ನನ್ನ ಅನುಭವ

ವೈದ್ಯಕೀಯ ಕಾಲೇಜಿನ ಆಶ್ರಯವಿಲ್ಲದೆ, ಹುಬ್ಬಳ್ಳಿಯ ಒಂದು ಖಾಸಗಿ ಸಂಧಿವಾತ ಚಿಕಿತ್ಸಾಲಯದಲ್ಲಿ ಕುಳಿತು, ದೇಹದ ರೋಗನಿರೋಧಕ ಶಕ್ತಿಯೇ ಲಾಲಾರಸ ಮತ್ತು ಕಣ್ಣೀರಿನ ಗ್ರಂಥಿಗಳ ಮೇಲೆ ದಾಳಿ ಮಾಡಿ ಬಾಯಿ, ಕಣ್ಣು ಒಣಗಿಸುವ ಶೋಗ್ರೆನ್ ರೋಗದ ಅಧ್ಯಯನ ಮಾಡಲಾಗದು ಎಂದು ನನಗೆ ಹೇಳಿದವರು ಒಬ್ಬಿಬ್ಬರಲ್ಲ. ಅವರೆಲ್ಲರ ಆಕ್ಷೇಪ ಕೊನೆಗೆ ಬಂದು ನಿಲ್ಲುತ್ತಿದ್ದುದು ಲಾಲಾರಸದ ಅಳತೆಯ ಮೇಲೆ. ಈ ರೋಗವನ್ನು ಗುರುತಿಸಲು ಅಮೆರಿಕ, ಯುರೋಪಿನ ಸಂಧಿವಾತ ತಜ್ಞರ ಸಂಘಗಳು ರೂಪಿಸಿದ 2016ರ ಎಸಿಆರ್–ಯೂಲಾರ್ ಮಾನದಂಡದಲ್ಲಿ ರಕ್ತದಲ್ಲಿ ಕಾಣುವ ಆ್ಯಂಟಿ-ರೋ ಪ್ರತಿಕಾಯಕ್ಕೆ 3 ಅಂಕ, ತುಟಿಯೊಳಗಿನ ಪುಟ್ಟ ಲಾಲಾಗ್ರಂಥಿಗಳನ್ನು ತೆಗೆದು ನೋಡುವ ಬಯಾಪ್ಸಿಗೆ 3 ಅಂಕ, ಕಣ್ಣಿನ ಎರಡು ಪರೀಕ್ಷೆಗಳಿಗೂ ಲಾಲಾರಸದ ಹರಿವಿಗೂ ಒಂದೊಂದು ಅಂಕವಿದ್ದು, ಒಟ್ಟು 4 ಆಗಲೇಬೇಕಾದ ಕಾರಣ ಎಷ್ಟೋ ರೋಗಿಗಳ ವಿಷಯದಲ್ಲಿ ಆ ಒಂದು ಅಂಕವೇ ನಿರ್ಣಾಯಕವಾಗುತ್ತದೆ. ಅನುದಾನಕ್ಕೆಂದು ಬರೆದ ಅರ್ಜಿಯನ್ನು ಚರ್ಚಿಸುವಾಗ ಸಮಿತಿಯ ಸದಸ್ಯರೊಬ್ಬರು, ಎಂಜಲು ತೂಗುವುದೂ ಒಂದು ಸಂಶೋಧನೆಯೇ ಎಂದು ನಕ್ಕರು. ಅರ್ಜಿ ಮರಳಿ ಬಂತು.

ಮೊದಲು ನಾನು ಎಲ್ಲರಂತೆ ಸಿರಿಂಜಿನಲ್ಲಿ ಅಳೆಯತೊಡಗಿದೆ. ಈ ರೋಗಿಗಳ ಲಾಲಾರಸವೋ ಅಂಟಂಟಾಗಿರುತ್ತದೆ, ಎಳೆ ಬಿಡುತ್ತದೆ, ಅರ್ಧಕ್ಕರ್ಧ ನೊರೆಯಾಗಿರುತ್ತದೆ. ನೊರೆಯನ್ನು ಲೆಕ್ಕಕ್ಕೆ ಹಿಡಿದರೆ ರೋಗವೇ ಇಲ್ಲ, ಬಿಟ್ಟರೆ ಎಲ್ಲರಿಗೂ ರೋಗ ಎನ್ನುವ ಸ್ಥಿತಿಯಾಯಿತು. ಒಂದು ಮಿ.ಲೀ. ಲಾಲಾರಸ ಹೆಚ್ಚುಕಡಿಮೆ ಒಂದು ಗ್ರಾಂ ತೂಗುವುದರಿಂದ ತೂಕಕ್ಕೆ ಹೋಗುವುದೇ ಲೇಸೆನಿಸಿ, ಚಿನ್ನದಂಗಡಿಗಳಿಗೆ ತಕ್ಕಡಿ ಮಾರುವವರಲ್ಲಿ 0.01 ಗ್ರಾಂ ತೋರಿಸುವ ಒಂದನ್ನು ಸುಮಾರು ಆರೇಳು ಸಾವಿರಕ್ಕೆ ಕೊಂಡೆ. ಮಾನದಂಡದ ಮಿತಿ ನಿಮಿಷಕ್ಕೆ 0.1 ಮಿ.ಲೀ.; ಹದಿನೈದು ನಿಮಿಷಕ್ಕೆ 1.5 ಗ್ರಾಂ ಅಥವಾ ಅದಕ್ಕಿಂತ ಕಡಿಮೆ ಬಂದರೆ ಅಂಕ ಸಿಗುತ್ತದೆ. ಮೂತ್ರ ಪರೀಕ್ಷೆಯ ಮುಚ್ಚಳದ ಡಬ್ಬಿಯನ್ನು ಮೊದಲೇ ತೂಗಿ, ಅದರ ಮೇಲೆ ತೂಕ ಬರೆದಿಟ್ಟರೆ ಮುಗಿಯಿತು. ಫ್ಯಾನ್ ತಿರುಗುತ್ತಿದ್ದರೆ ಕೊನೆಯ ಅಂಕಿ ನಿಲ್ಲುವುದೇ ಇಲ್ಲವಾದ್ದರಿಂದ ಮೇ ತಿಂಗಳ ಸೆಕೆಯಲ್ಲಿಯೂ ತೂಗುವ ಕೋಣೆಯ ಫ್ಯಾನ್ ಆರಿಸಿಯೇ ಇರುತ್ತದೆ. ಕಣ್ಣೀರು ಅಳೆಯಲು ಕೆಳರೆಪ್ಪೆಗೆ ಸಿಕ್ಕಿಸುವ ಶಿರ್ಮರ್ ಕಾಗದದ ಪಟ್ಟಿ ಹಾಕುವಾಗಲೂ ಇದೇ ನಿಯಮ.

ತಕ್ಕಡಿ ಸರಿಹೋದ ಮೇಲೂ ಅಂಕಿಗಳು ಹೊಂದಲಿಲ್ಲ. ನಮ್ಮ ರೋಗಿಗಳಲ್ಲಿ ಬಹುತೇಕರು ಮಧ್ಯವಯಸ್ಸಿನ ಹೆಣ್ಣುಮಕ್ಕಳು. "ಇಷ್ಟು ಮಂದಿ ಮುಂದ ಹೆಂಗ ಉಗುಳೂದ್ರಿ ಡಾಕ್ಟರ" ಎಂದು ಸಂಕೋಚಪಟ್ಟು ಬಂದದ್ದನ್ನೆಲ್ಲ ನುಂಗಿಬಿಡುತ್ತಿದ್ದರು. ಗೋಡೆಗೆ ಮುಖ ಮಾಡಿದ ಕುರ್ಚಿ, ಜೊತೆಗೆ ಒಬ್ಬ ನರ್ಸ್ ಮಾತ್ರ, ಉಗುಳುವ ಬದಲು ತಲೆ ಬಾಗಿಸಿ ತಾನಾಗಿ ತೊಟ್ಟಿಕ್ಕಲು ಬಿಡುವುದು ಎಂಬ ಏರ್ಪಾಡಿನಿಂದ ಅದು ಬಹುಮಟ್ಟಿಗೆ ಬಗೆಹರಿಯಿತು. ನುಂಗುವುದನ್ನು ಪೂರ್ತಿ ತಡೆಯುವ ಇನ್ನೊಂದು ಉಪಾಯವಿದೆ. ಪ್ರಬಂಧ ಪ್ರಕಟವಾಗುವವರೆಗೆ ಅದನ್ನು ನನ್ನಲ್ಲೇ ಇಟ್ಟುಕೊಳ್ಳುತ್ತೇನೆ. ಗದಗ, ಹಾವೇರಿ ಕಡೆಯಿಂದ ಬೆಳಗಿನ ಬಸ್ಸಿಗೆ ಬರುವವರು ಬಸ್‌ಸ್ಟ್ಯಾಂಡಿನಲ್ಲಿ ಚಹಾ ಕುಡಿದಿರುತ್ತಾರೆ, ಎಲೆ ಅಡಿಕೆ ಹಾಕಿರುತ್ತಾರೆ. ಅವರನ್ನು ಒಂದೂವರೆ ಗಂಟೆ ಸುಮ್ಮನೆ ಕೂರಿಸಿ ನಂತರವೇ ತೂಗುತ್ತೇವೆ.

ಎಲ್ಲಕ್ಕಿಂತ ಹೆಚ್ಚು ಕಾಡಿದ್ದು ಖಿನ್ನತೆಗೂ ನೋವಿಗೂ ಕೊಡುವ ಅಮಿಟ್ರಿಪ್ಟಿಲಿನ್ ಮಾತ್ರೆ. ಬಾಯಿ ಉರಿ, ಮೈಕೈ ನೋವು, ನಿದ್ದೆಯಿಲ್ಲ ಎಂದ ಹೆಂಗಸಿಗೆ ಮನಸ್ಸಿನ ಚಿಂತೆಯೇ ಕಾರಣವೆಂದು ತೀರ್ಮಾನಿಸಿ ರಾತ್ರಿಗೊಂದು ಮಾತ್ರೆ ಬರೆದುಬಿಡುತ್ತಾರೆ, ಆ ಮಾತ್ರೆ ಇದ್ದಬದ್ದ ಲಾಲಾರಸವನ್ನೂ ಒಣಗಿಸುತ್ತದೆ. ಬರೆದ ವೈದ್ಯರ ಒಪ್ಪಿಗೆ ಪಡೆದು ಅದನ್ನು ನಿಧಾನವಾಗಿ ಇಳಿಸಿ, ನಿಂತು ಎರಡು ವಾರ ಕಳೆದ ಮೇಲೆಯೇ ತೂಗಬೇಕೆಂಬ ನಿಯಮ ಮಾಡಿದ ಬಳಿಕ, ಒಬ್ಬರೇ ರೋಗಿಯ ಬೇರೆ ಬೇರೆ ದಿನಗಳ ಅಂಕಿಗಳು ಮೊದಲ ಬಾರಿಗೆ ಒಂದಕ್ಕೊಂದು ಹತ್ತಿರ ಬಂದವು. ನನ್ನನ್ನು ಹಾಸ್ಯ ಮಾಡುತ್ತಿದ್ದ ಹಿರಿಯರೊಬ್ಬರು ತಾವೇ ಬಂದು ಆ ಕುರ್ಚಿಯಲ್ಲಿ ಕುಳಿತು ತಮ್ಮ ಲಾಲಾರಸ ತೂಗಿಸಿಕೊಂಡರು, ಇನ್ನೊಂದು ಬೆಳಗ್ಗೆ ಹೇಳದೇ ಕೇಳದೇ ಮತ್ತೆ ಬಂದರು. ಎರಡೂ ಸಲದ ವ್ಯತ್ಯಾಸ ಹತ್ತನೇ ಒಂದು ಪಾಲಿನಷ್ಟೂ ಇರಲಿಲ್ಲ. ಈಗ ತಮ್ಮ ರೋಗಿಗಳನ್ನು ಅವರೇ ಕಳಿಸುತ್ತಾರೆ.

ತುಟಿಯ ಬಯಾಪ್ಸಿ ದುಬಾರಿ ಪಾಠ ಕಲಿಸಿತು. ಅಕ್ಕಿಕಾಳಿನಷ್ಟಿರುವ ಗ್ರಂಥಿಗಳು ಎಂದುಕೊಂಡು ತೆಗೆದದ್ದು ಕೆಲವೊಮ್ಮೆ ಬರೀ ಕೊಬ್ಬಾಗಿರುತ್ತಿತ್ತು. ಕಣ್ಣಿನ ವೈದ್ಯರು ಕಲಾಜಿಯನ್‌ಗೆ, ಅಂದರೆ ರೆಪ್ಪೆಯ ಗಂಟಿಗೆ, ಬಳಸುವ ಕ್ಲ್ಯಾಂಪನ್ನು ಕೆಳತುಟಿಗೆ ಹಾಕಲು ಆರಂಭಿಸಿದ ಮೇಲೆ ರಕ್ತ ನಿಂತು ಗ್ರಂಥಿಗಳು ತಾವಾಗಿಯೇ ಉಬ್ಬಿ ಕಾಣತೊಡಗಿದವು, ನರದ ಎಳೆಗಳನ್ನು ಬದಿಗೆ ಸರಿಸುವುದೂ ಸುಲಭವಾಯಿತು. ನಾಲ್ಕರಿಂದ ಆರು ಗ್ರಂಥಿ ಸಿಗದೆ ನಾನು ಹೊಲಿಗೆ ಹಾಕುವುದಿಲ್ಲ. ಆದರೆ ಲ್ಯಾಬಿನಿಂದ "ಕ್ರಾನಿಕ್ ನಾನ್‌ಸ್ಪೆಸಿಫಿಕ್ ಸಿಯಾಲಡಿನೈಟಿಸ್" (ಲಾಲಾಗ್ರಂಥಿಯಲ್ಲಿ ಯಾವುದೋ ಹಳೆಯ ಉರಿಯೂತ) ಎಂಬ ಒಂದೇ ಸಾಲಿನ ವರದಿ ಬಂದರೆ ಇಷ್ಟೆಲ್ಲ ಮಾಡಿಯೂ ಪ್ರಯೋಜನವಿಲ್ಲ. 50 ಅಥವಾ ಹೆಚ್ಚು ಲಿಂಫೊಸೈಟ್‌ಗಳ (ಒಂದು ಬಗೆಯ ಬಿಳಿ ರಕ್ತಕಣಗಳ) ಗುಂಪುಗಳೆಷ್ಟು, ಗ್ರಂಥಿಯ ವಿಸ್ತೀರ್ಣ ಎಷ್ಟು ಚದರ ಮಿ.ಮೀ., ನಾರುಗಟ್ಟುವಿಕೆ ಇದೆಯೇ ಎಂಬ ಮೂರು ಖಾಲಿ ಜಾಗಗಳ ಚೀಟಿಯನ್ನು ಅಚ್ಚು ಹಾಕಿಸಿ ಪ್ರತಿ ಬಾಟಲಿಗೂ ಸುತ್ತಿ ಕಳಿಸತೊಡಗಿದೆ. ಬಯಾಪ್ಸಿಯ ಅಂಕ ಸಿಗಲು 4 ಚದರ ಮಿ.ಮೀ.ಗೆ ಒಂದಾದರೂ ಗುಂಪು ಇರಬೇಕೆಂಬ ಲೆಕ್ಕ ಆಮೇಲೆ ತಾನಾಗಿ ಸಿಗುತ್ತದೆ.

ಸಂಶೋಧನೆಗಾಗಿಯೇ ಮಾಡಿಸುವ ಪರೀಕ್ಷೆಗೆ ರೋಗಿಯಿಂದ ದುಡ್ಡು ಪಡೆಯುವಂತಿಲ್ಲ. ಆ್ಯಂಟಿ-ರೋ ಮುಂತಾದವನ್ನು ಹುಡುಕುವ ಆಟೊಆ್ಯಂಟಿಬಾಡಿ ಬ್ಲಾಟ್ ರಕ್ತಪರೀಕ್ಷೆಗೆ ನಾಲ್ಕೈದು ಸಾವಿರ, ಬಯಾಪ್ಸಿಗೆ ಹೆಚ್ಚುಕಡಿಮೆ ಅಷ್ಟೇ. ಅಲ್ಟ್ರಾಸೌಂಡ್ ಯಂತ್ರಕ್ಕೆಂದು ಕೂಡಿಟ್ಟ ಹಣ ಇದಕ್ಕೇ ಕರಗಿತು. ಲಾಲಾರಸಕ್ಕೆ ಮಾತ್ರ ತಲೆಗೆ ಹತ್ತು ರೂಪಾಯಿಯ ಡಬ್ಬಿ ಸಾಕು, ಆದ್ದರಿಂದಲೇ ಎಲ್ಲರಿಗೂ ಮೊದಲು ಅದನ್ನು ಮಾಡಿ, ಉಳಿದ ಖರ್ಚು ಯಾರಿಗೆ ಎಂಬುದನ್ನು ಆಮೇಲೆ ನಿರ್ಧರಿಸುತ್ತೇನೆ.

ನಡುವೆ ಬೇರೆ ಪ್ರಯೋಗಗಳೂ ನಡೆದವು. ಗಾಜ್ ಬಟ್ಟೆಯನ್ನು ಎರಡು ನಿಮಿಷ ಜಗಿಸಿ ತೂಗುವ ಸ್ಯಾಕ್ಸನ್ ಪರೀಕ್ಷೆ ಹಲ್ಲಿಲ್ಲದ ಅಜ್ಜಿಯರ ಮುಂದೆ ಸೋತಿತು. ಲಾಲಾರಸ ಹೆಚ್ಚಿಸುವ ಪೈಲೊಕಾರ್ಪಿನ್ ಮಾತ್ರೆ 5 ಮಿ.ಗ್ರಾಂ ಕೊಟ್ಟು ಒಂದು ಗಂಟೆಯ ನಂತರ ಮತ್ತೆ ತೂಗುವುದು ಮಾತ್ರ ಉಪಯೋಗಕ್ಕೆ ಬಂತು: ಲಾಲಾರಸದ ತೂಕ ಏರದವರಿಗೆ ತಿಂಗಳುಗಟ್ಟಲೆ ಆ ಮಾತ್ರೆ ಕೊಳ್ಳಿಸಿ ಬೆವರಿಸುವುದನ್ನು ಬಿಟ್ಟೆ. ಆಸ್ತಮಾ ಇದ್ದವರಿಗೆ ಇದನ್ನು ಮಾಡಬಾರದೆಂಬುದು ನಿಮಗೆ ಗೊತ್ತೇ ಇದೆ. ಪೊಟ್ಯಾಸಿಯಂ ಕುಸಿದು ಕೈಕಾಲು ಬಿದ್ದುಹೋಗಿ ಬಂದ ಎಳೆವಯಸ್ಸಿನ ಹೆಂಗಸರನ್ನೂ ಈಗ ಇದೇ ಕುರ್ಚಿಯಲ್ಲಿ ಕೂರಿಸುತ್ತೇನೆ. ಮೂತ್ರಪಿಂಡವು ಆಮ್ಲವನ್ನು ಸರಿಯಾಗಿ ಹೊರಹಾಕದೆ ಪೊಟ್ಯಾಸಿಯಂ ಕುಸಿಯುವ ದೋಷದ ಹಿಂದೆ ಅಡಗಿದ್ದ ಶೋಗ್ರೆನ್, ಬಾಯಿ ಒಣಗುವ ದೂರೇ ಇಲ್ಲದವರಲ್ಲಿಯೂ ಹೀಗೆ ಹೊರಬಿದ್ದಿದೆ.

ಚಿಕಿತ್ಸೆಯ ವಿಷಯದಲ್ಲಿ ಒಂದು ಮಾತು. ಫ್ರಾನ್ಸಿನ 120 ರೋಗಿಗಳ ಜೋಕರ್ ಅಧ್ಯಯನವು, ಸಂಧಿವಾತಕ್ಕೆ ಬಳಸುವ ಹೈಡ್ರಾಕ್ಸಿಕ್ಲೋರೋಕ್ವಿನ್ ಮಾತ್ರೆಯಿಂದ 24 ವಾರಗಳಲ್ಲಿ ಒಣಗುವಿಕೆ, ನೋವು, ಆಯಾಸಗಳಿಗೆ ಪ್ರಯೋಜನವಾಗಲಿಲ್ಲವೆಂದು 2014ರಲ್ಲೇ ತೋರಿಸಿತ್ತು. ಆದರೂ ನಾವೆಲ್ಲ ಅದನ್ನು ಬರೆಯುತ್ತಲೇ ಬಂದೆವು. ನನ್ನ ಡಬ್ಬಿಗಳಲ್ಲಿ ಆರು ತಿಂಗಳಾದರೂ ತೂಕ ಏರಿದ್ದನ್ನು ಕಾಣದೆ, ಕೀಲುನೋವು ಅಥವಾ ಚರ್ಮದ ತೊಂದರೆ ಇಲ್ಲದವರಿಗೆ, ಬರೀ ಬಾಯಿ ಒಣಗುತ್ತದೆಂಬ ಕಾರಣಕ್ಕೆ ಅದನ್ನು ಬರೆಯುವುದನ್ನು ನಾನು ನಿಲ್ಲಿಸಿದ್ದೇನೆ.