ಕನ್ನಡಕ, ಟೋಪಿ, ಈಸೂರು

ಕಳೆದ ವರ್ಷ ಜುಲೈನಲ್ಲಿ ಶಿಕಾರಿಪುರ ಕಡೆಯ ಒಂದು ಶಾಲೆಯ ಹೆಡ್‌ಮಾಸ್ತರು ಕರೆದರು. ಆಗಸ್ಟ್ 15ರೊಳಗೆ ಕಾಂಪೌಂಡಿಗೆ ಹೋರಾಟಗಾರರ ಚಿತ್ರ ಬರೆದುಕೊಡಬೇಕಿತ್ತು. ಮಳೆಗಾಲದ ಗೋಡೆ ನನಗೆ ಗೊತ್ತು. ಹಿಂದೊಮ್ಮೆ ಅವಸರಕ್ಕೆ ಹಸಿ ಗೋಡೆಗೆ ಬಣ್ಣ ಹಚ್ಚಿದ್ದೆ. ಎರಡೇ ತಿಂಗಳಲ್ಲಿ ನೆಹರೂ ಕೆನ್ನೆ ಗುಳ್ಳೆ ಎದ್ದು ಸುಲಿದುಹೋಯಿತು. ಆ ಸಂಕಟ ಇನ್ನೂ ಮರೆತಿಲ್ಲ. ಹಾಗಾಗಿ ಈ ಸಲ ಕಾಂಪೌಂಡ್ ಬೇಡ, ಒಳಗಿನ ಜಗುಲಿ ಗೋಡೆ ಕೊಡಿ ಅಂದೆ.

ಮುಖ ಬರೆಯಲು ನಾನು ಫೋಟೊ ಮೇಲೆ ಚೌಕ ಎಳೆಯುತ್ತೇನೆ. ಗೋಡೆ ಮೇಲೂ ಅಷ್ಟೇ ಚೌಕ, ದೊಡ್ಡದಾಗಿ. ಒಂದೊಂದು ಚೌಕದಲ್ಲಿ ಇರುವುದನ್ನಷ್ಟೇ ನೋಡಿ ಬರೆಯಬೇಕು. ಗಾಂಧೀಜಿಗೆ ದುಂಡು ಕನ್ನಡಕ ಬಂದರೆ ಸಾಕು, ಒಂದನೇ ಕ್ಲಾಸಿನ ಮಗುವೂ ಗುರುತು ಹಿಡಿಯುತ್ತದೆ. ಸುಭಾಷರಿಗೆ ಟೋಪಿ, ಸಮವಸ್ತ್ರ. ಭಗತ್ ಸಿಂಗ್‌ಗೆ ಹ್ಯಾಟು. ಹಳದಿ ಪೇಟ ಬರೆಯಿರಿ ಅಂತ ಕೆಲವರು ಕೇಳುತ್ತಾರೆ. ನಾನು ಹ್ಯಾಟನ್ನೇ ಬರೆಯುವುದು. 1929ರಲ್ಲಿ ದೆಹಲಿಯ ಸ್ಟುಡಿಯೋದಲ್ಲಿ ತೆಗೆಸಿದ ಆ ಫೋಟೊದಲ್ಲಿ ಅವನಿಗೆ 21 ವರ್ಷ. ಎಳೆ ಮೀಸೆ ಕಾಣಬೇಕು ಅನ್ನೋದು ನನ್ನ ಹಟ. ಲಾಹೋರಿನ ಜೈಲಿನಲ್ಲಿ ಜೀವ ಬಿಟ್ಟ ಹುಡುಗ ತೀರ್ಥಹಳ್ಳಿಯ ಅಂಗಡಿ ಕ್ಯಾಲೆಂಡರಿನಲ್ಲಿ ನಮ್ಮವನಾದದ್ದು ಈ ಒಂದು ಫೋಟೊದಿಂದಲೇ ಅಲ್ವಾ?

ಆದರೆ ಈಸೂರು ಆ ಶಾಲೆಗೆ ಹತ್ತಿರದಲ್ಲೇ ಇದೆ. 1942ರಲ್ಲಿ ಬ್ರಿಟಿಷರ ಆಳ್ವಿಕೆ ಒಪ್ಪುವುದಿಲ್ಲ ಎಂದು ತಮ್ಮದೇ ಸರ್ಕಾರ ಸಾರಿದ ಊರು. ಗುರಪ್ಪ, ಮಲ್ಲಪ್ಪ, ಸೂರ್ಯನಾರಾಯಣಾಚಾರಿ, ಹಾಲಪ್ಪ, ಶಂಕರಪ್ಪ. ಈ ಐವರನ್ನು 1943ರ ಮಾರ್ಚ್‌ನಲ್ಲಿ ಬೆಂಗಳೂರಿನ ಜೈಲಿನಲ್ಲಿ ಗಲ್ಲಿಗೇರಿಸಿದರು. ಅವರಿಲ್ಲದೆ ಆ ಗೋಡೆ ಬರೆಯಲು ನನಗೆ ಮನಸ್ಸು ಬರಲಿಲ್ಲ. ಐವರ ಫೋಟೊ ನನ್ನ ಕೈಗೆ ಸಿಗಲಿಲ್ಲ. "ಸುಮ್ನೆ ಅಂದಾಜಿಗೆ ಬರೀರಿ, ಯಾರು ಕೇಳ್ತಾರೆ" ಅಂದರು ಒಬ್ಬ ಮೇಷ್ಟ್ರು. ನಾನು ಒಪ್ಪಲಿಲ್ಲ. ನಾನು ಕಟ್ಟಿದ ಮುಖವೇ ನಾಳೆ ಮಕ್ಕಳಿಗೆ ಗುರಪ್ಪನ ಮುಖ ಆಗಿಬಿಡುತ್ತದೆ. ಅವರ ಮನೆಯವರು ಬಂದು ನೋಡಿದರೆ ಏನು ಹೇಳಲಿ?

ಹಾಗಾಗಿ ಮುಖದ ಬದಲು ಊರನ್ನೇ ಬರೆದೆ. ವೀರಭದ್ರ ದೇವಸ್ಥಾನ, ಮೇಲೆ ಬಾವುಟ, ಕೆಳಗೆ ಬೆನ್ನು ತೋರಿಸಿ ನಿಂತ ಜನ, ಎಲ್ಲರ ತಲೆಗೂ ಗಾಂಧಿ ಟೋಪಿ. ಮುಂದೆ ಇಬ್ಬರು ಹುಡುಗರು. ಆ ಊರಿನವರು ಹುಡುಗರನ್ನೇ ಅಮಲ್ದಾರ, ಸಬ್ ಇನ್‌ಸ್ಪೆಕ್ಟರ್ ಅಂತ ನೇಮಿಸಿದ್ದರು. ಕೆಳಗೆ ಐದು ಹೆಸರು, ಗಾಂಧೀಜಿ ಹೆಸರಿನಷ್ಟೇ ದೊಡ್ಡ ಅಕ್ಷರದಲ್ಲಿ. ಎಲ್ಲಕ್ಕಿಂತ ಜಾಸ್ತಿ ಹೊತ್ತು ಹಿಡಿದದ್ದು ಈ ಅಕ್ಷರಗಳೇ.

ಬಾವುಟದ ನಡುವೆ ಚರಕ ಬರೆದಿದ್ದೆ. ಚಕ್ರ ಬಂದದ್ದು 1947ರ ಜುಲೈನಲ್ಲಿ. ಐದನೇ ಕ್ಲಾಸಿನ ಹುಡುಗಿಯೊಬ್ಬಳು ಬಂದು, "ಅಂಕಲ್, ಬಾವುಟ ತಪ್ಪಾಗಿದೆ" ಅಂದಳು. ಕುಂಚ ಕೆಳಗಿಟ್ಟೆ. ಅವಳ ಜೊತೆ ಜಗುಲಿ ಮೇಲೆ ಕೂತು ಈಸೂರಿನ ಕಥೆ ಶುರುಮಾಡಿದೆ. ಬೆಲ್ ಹೊಡೆಯುವ ಹೊತ್ತಿಗೆ ಅವಳ ಇಡೀ ಕ್ಲಾಸು ಬಂದು ಕೂತಿತ್ತು.