ತೀರಿಸಿದ ಸಾಲ ಕ್ರೆಡಿಟ್ ವರದಿಯಲ್ಲಿ ಬಾಕಿ ಉಳಿದದ್ದನ್ನು ತಿದ್ದಿಸಿದ ಬಗೆ

ಗೃಹಸಾಲದ ಅರ್ಜಿ ತಿರಸ್ಕೃತವಾದಾಗ, ಜನರ ಸಾಲ ಮತ್ತು ಮರುಪಾವತಿಯ ದಾಖಲೆ ಇಡುವ ಪ್ರತಿಯೊಂದು ಕ್ರೆಡಿಟ್ ಬ್ಯೂರೋ ವರ್ಷಕ್ಕೊಮ್ಮೆ ಉಚಿತವಾಗಿ ಕೊಡಲೇಬೇಕಾದ ಪೂರ್ಣ ವರದಿಯನ್ನು ಸಿಬಿಲ್, ಎಕ್ಸ್‌ಪೀರಿಯನ್, ಈಕ್ವಿಫ್ಯಾಕ್ಸ್ ಮತ್ತು ಕ್ರಿಫ್ ಹೈ ಮಾರ್ಕ್ ನಾಲ್ಕರಿಂದಲೂ ತರಿಸಿಕೊಂಡೆ. ಎಂದೋ ತೀರಿಸಿದ್ದ ಬೈಕ್ ಸಾಲ ಎರಡು ವರದಿಗಳಲ್ಲಿ ಇನ್ನೂ ಚಾಲ್ತಿಯಲ್ಲಿತ್ತು. ತಿಂಗಳುವಾರು ಚೌಕಗಳಲ್ಲಿ ಕಂತು ತಡವಾದ ದಿನಗಳ ಲೆಕ್ಕ 030, 060, 090 ಎಂದು ಏರುತ್ತ ಹೋಗಿತ್ತು.

ಸಾಲ ಕೊಟ್ಟ ಸಂಸ್ಥೆ ದೃಢಪಡಿಸದೆ ಬ್ಯೂರೋ ಈ ಅಂಕಿಗಳನ್ನು ತಾನಾಗಿಯೇ ತಿದ್ದುವುದಿಲ್ಲ. ಆದ್ದರಿಂದ ಎರಡೂ ಬ್ಯೂರೋಗಳ ಜಾಲತಾಣದಲ್ಲಿ ಆ ಖಾತೆಯ ಮೇಲೆ ಪ್ರತ್ಯೇಕವಾಗಿ ತಕರಾರು ದಾಖಲಿಸಿ, ಸಾಲ ಪೂರ್ತಿ ತೀರಿದೆ ಎಂಬ ಬೇಬಾಕಿ ಪ್ರಮಾಣಪತ್ರವನ್ನೂ ಕೊನೆಯ ಕಂತು ಕಡಿತವಾದ ಪಾಸ್‌ಬುಕ್ ಪುಟವನ್ನೂ ಸಂಸ್ಥೆಯ ಕುಂದುಕೊರತೆ ಅಧಿಕಾರಿಗೆ ಕಳುಹಿಸಿದೆ. ಶಾಖೆಯವರು "ಸಿಸ್ಟಂನಲ್ಲಿ ತಾನಾಗೇ ಅಪ್‌ಡೇಟ್ ಆಗುತ್ತೆ" ಎಂದು ಸಾಗಹಾಕಿದ್ದರು. ದೂರಿನ ಸಂಖ್ಯೆಯಿಲ್ಲದ ಇಂಥ ಭರವಸೆಯನ್ನು ನಾನು ಲೆಕ್ಕಕ್ಕೆ ಹಿಡಿಯಲಿಲ್ಲ.

2024ರ ಏಪ್ರಿಲ್ 26ರಿಂದ ಜಾರಿಗೆ ಬಂದ ರಿಸರ್ವ್ ಬ್ಯಾಂಕ್ ನಿಯಮದಂತೆ, ದೂರು 30 ದಿನಗಳಲ್ಲಿ ಇತ್ಯರ್ಥವಾಗದಿದ್ದರೆ ನಂತರದ ಪ್ರತಿ ದಿನಕ್ಕೆ 100 ರೂಪಾಯಿ ಪರಿಹಾರ ಸಲ್ಲಬೇಕು. ಸಂಸ್ಥೆ ತಿದ್ದಿದ ಮಾಹಿತಿಯನ್ನು 21 ದಿನಗಳೊಳಗೆ ಬ್ಯೂರೋಗೆ ಕಳುಹಿಸದಿದ್ದರೆ ಆ ಪರಿಹಾರದ ಹೊಣೆ ಸಂಸ್ಥೆಯದೇ. ಇದನ್ನು ಉಲ್ಲೇಖಿಸಿ ಜ್ಞಾಪನಾ ಪತ್ರ ಬರೆದ ಮೇಲೆ, ಗಡುವಿನೊಳಗೇ ಎರಡೂ ಕಡೆ ಖಾತೆ ಮುಕ್ತಾಯವೆಂದು ದಾಖಲಾಯಿತು. ಆಗದಿದ್ದರೆ ಗ್ರಾಹಕರ ದೂರು ಇತ್ಯರ್ಥಪಡಿಸುವ ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್‌ಗೆ ದೂರು ಕೊಡುವವನಿದ್ದೆ. 2022ರ ಸೆಪ್ಟೆಂಬರ್ 1ರಿಂದ ಬ್ಯೂರೋಗಳೂ ಆ ವ್ಯಾಪ್ತಿಗೆ ಬಂದಿವೆ.